ತಾಯಿ ಚಿಟ್ಟೆಯ ಪರೀಕ್ಷೆ

ಫೆಬ್ರವರಿ 4, ಮಂಗಳವಾರ

ಇವತ್ತು ಇನ್ನೂರು ಸ್ಲೈಡು. ಶಿಡ್ಲಘಟ್ಟದ ಈ ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ಒಂಬತ್ತು ವರ್ಷದಿಂದ ಇದೇ ಕೆಲಸ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆಯುವುದು, ಮೈಕ್ರೋಸ್ಕೋಪಿನಲ್ಲಿ ನೋಡುವುದು. ತಾಯಿಯಿಂದ ಮೊಟ್ಟೆಗೆ ಇಳಿಯುವ ರೋಗ ಕಂಡರೆ ಅದರ ಮೊಟ್ಟೆಯೆಲ್ಲ ಬೆಂಕಿಗೆ. ಗಂಡು ಚಿಟ್ಟೆಯನ್ನು ಯಾರೂ ನೋಡುವುದಿಲ್ಲ.

ನಿನ್ನೆ ಬೆಂಗಳೂರಿನಲ್ಲಿ ನಾನೂ ಇವರೂ ರಕ್ತ ಕೊಟ್ಟು ಬಂದೆವು. ಸಂಹಿತಾಗೆ ನಾಲ್ಕು ವರ್ಷ. ತೊಡೆಯ ಮಾಂಸದಲ್ಲಿ ಕ್ಯಾನ್ಸರ್. ಲಕ್ಷಾಂತರ ಮಕ್ಕಳಲ್ಲಿ ಒಬ್ಬರಿಗೆ ಬರುವುದಂತೆ. ನಮ್ಮ ಮಗಳೇ ಬೇಕಿತ್ತಾ ಅದಕ್ಕೆ! ಅವಳ ಜೀನ್‌ನಲ್ಲೇ ದೋಷ ಸಿಕ್ಕಿದೆ. ನಮ್ಮಿಬ್ಬರಲ್ಲಿ ಯಾರಿಂದ ಬಂತು ಅಂತ ರಿಸರ್ಚ್‌ನವರು ಹುಡುಕುತ್ತಾರೆ. ರಿಪೋರ್ಟಿಗೆ ಹತ್ತು ವಾರ. ಹೊಟ್ಟೆಯಲ್ಲಿರುವುದಕ್ಕೆ ಈಗ ಏಳು ವಾರ.

"ರಿಪೋರ್ಟ್ ಬರೋವರ್ಗೂ ಈ ಬಸುರಿನ ವಿಷ್ಯ ಏನೂ ತೀರ್ಮಾನ ಮಾಡ್ಬೇಡಿ," ಅಂದರು ಅಲ್ಲಿಯ ಕೌನ್ಸೆಲರ್ ಲಾವಣ್ಯ.

ಫೆಬ್ರವರಿ 19

ಐದನೇ ಕೀಮೋ. ಸಂಹಿತಾಗೆ ಬಾಯೆಲ್ಲ ಹುಣ್ಣು. ನೀರು ಕುಡಿಸಿದರೂ ಕಿರುಚುತ್ತಾಳೆ. "ನೀನೇ ಮಾಡಿದ್ದು, ಅಮ್ಮಾ," ಅಂದಳು. ನೀರು ಕುಡಿಸಿದ್ದಕ್ಕೆ ಅಂದದ್ದು. ಆದರೂ…

ಅತ್ತೆ ಸಾವಿತ್ರಮ್ಮ ಕೂತಲ್ಲಿಂದಲೇ: "ನಮ್ ನರೇಂದ್ರನ ಕಡೆ ಯಾರಿಗೂ ಇಲ್ಲಮ್ಮ ಇಂಥಾ ಕಾಯ್ಲೆ. ತಾಯಿ ಕಡೆಯಿಂದ್ಲೇ ಬಂದಿರ್ತದೆ."

ಮೈ ಉರಿದುಹೋಯಿತು. ನಮ್ಮಮ್ಮ ಸ್ತನದ ಕ್ಯಾನ್ಸರಿನಲ್ಲಿ ಹೋದದ್ದು ಗೊತ್ತಿದ್ದೇ ಆಡಿದ ಮಾತು. ಆದರೇನು, ನನಗೂ ಹಾಗೇ ಅನ್ನಿಸುತ್ತಿದೆ.

ಮಾರ್ಚ್ 3

"ರಿಪೋರ್ಟ್ ಬರ್ಲಿ ಕಣೇ, ಕಾಯಣ," ಅನ್ನುತ್ತಾರೆ ಇವರು. ಕಾಯುವುದಂತೆ! ಅಷ್ಟರಲ್ಲಿ ಅದು ಹೊಟ್ಟೆಯೊಳಗೆ ಮಿಸುಕಾಡಲು ಶುರು ಮಾಡುತ್ತದೆ. ಆಮೇಲೆ ನನ್ನ ಕೈಲಿ ಆಗುತ್ತಾ? ತಾಯಿಯಲ್ಲಿ ದೋಷವಿದ್ದರೆ ಮೊಟ್ಟೆ ಉಳಿಸಬಾರದು. ಒಂಬತ್ತು ವರ್ಷದಲ್ಲಿ ಒಂದು ಸಲವೂ ನನ್ನ ಲೆಕ್ಕ ತಪ್ಪಿಲ್ಲ. ಇನ್ನೊಂದು ಮಗುವಿನ ಬಾಯಲ್ಲಿ ಆ ಹುಣ್ಣು ನೋಡಲಾರೆ.

ಮಾರ್ಚ್ 6

ಚಿಕ್ಕಬಳ್ಳಾಪುರಕ್ಕೆ ಒಬ್ಬಳೇ ಹೋದೆ. ತೆಗೆಸಿಬಿಟ್ಟೆ. ಸಂಜೆಯೊಳಗೆ ಮನೆಗೆ ವಾಪಸ್.

"ತಾನಾಗೇ ಹೋಯ್ತು," ಅಂದೆ ಇವರಿಗೆ. ನಂಬಿದರು. ಹಿತ್ತಲಿಗೆ ಹೋಗಿ ಅತ್ತರು. ಆಮೇಲೆ ತಾವೇ ರಾಗಿ ಗಂಜಿ ಕಾಯಿಸಿ ತಂದುಕೊಟ್ಟರು. ಕುಡಿದೆ.

ಏಪ್ರಿಲ್ 21

ರಿಪೋರ್ಟ್ ಬಂತು. ಲಾವಣ್ಯ ನಗುನಗುತ್ತ ಒಳಗೆ ಕರೆದರು. ದೋಷ ನನ್ನಲ್ಲಿಲ್ಲ. ಇವರಲ್ಲೂ ಇಲ್ಲ. ಸಂಹಿತಾಳ ಗರ್ಭ ಕಟ್ಟುವಾಗ ಅವಳೊಬ್ಬಳಲ್ಲೇ ಹೊಸದಾಗಿ ಆದದ್ದಂತೆ. ಯಾರಿಂದಲೂ ಬಂದದ್ದಲ್ಲ.

"ಈಗ ಐದನೇ ತಿಂಗಳಲ್ವಾ ನಿಮ್ಗೆ?" ಫೈಲು ನೋಡಿಕೊಂಡೇ ಕೇಳಿದರು. "ಆ ಮಗೂಗೆ ಇದು ಬರೋ ಸಾಧ್ಯತೆ ತೀರಾ ಕಮ್ಮಿ. ಧೈರ್ಯವಾಗಿರಿ."

ಇವರೇ ಹೇಳಿದರು: "ಅದು ತಾನಾಗೇ ಹೋಯ್ತು ಮೇಡಂ."

ಬಸ್ಸು ಜಂಗಮಕೋಟೆ ದಾಟುವವರೆಗೂ ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. "ಅಳ್ಬೇಡ ಕಣೇ. ನಿನ್ ತಪ್ಪು ಏನೂ ಇಲ್ಲ ಅಂತ ಅವ್ರೇ ಹೇಳಿದ್ರಲ್ಲ. ಸಂಹಿತಾಗೆ ವಾಸಿ ಆಗ್ಲಿ, ಇನ್ನೊಂದು ಮಗು ಮಾಡ್ಕೊಳ್ಳಣ."

ಪಾಪಿ ನಾನು. ಈಗಲೇ ಹೇಳಿಬಿಡಬೇಕು. ಇವರು ಪಕ್ಕದ ಕೋಣೆಯಲ್ಲಿ ಮಗಳಿಗೆ ಗಂಜಿ ಕುಡಿಸುತ್ತಿದ್ದಾರೆ. ಹೋಗಿ ಹೀಗೆ ಶುರು ಮಾಡುತ್ತೇನೆ — ರೀ, ಆವತ್ತು ನಾನು