ಸೂರಜನ ಕಬ್ಬಿಣದ ಡಬ್ಬಿ

ಮೊಹಮ್ಮದ್ ಬಿನ್ ಜಾಯೆದ್ ಸಿಟಿ, ಅಬುಧಾಬಿ
14 ನವೆಂಬರ್ 2025, ಶುಕ್ರವಾರ

ಚಿರಂಜೀವಿ ಅಳಿಯ ಸೂರಜನಿಗೆ ಅತ್ತೆ ಕಲ್ಲವ್ವನ ಆಶೀರ್ವಾದಗಳು.

ಆರೋಗ್ಯವಾಗಿದ್ದೀಯಾ? ಮುಸಫ್ಫಾದ ಕಂಪನಿ ರೂಮಿನಲ್ಲಿ ನಿದ್ದೆ ಸರಿಯಾಗಿ ಬರುತ್ತದೆಯೇ? ನಿಮ್ಮ ಕಂಪನಿ ಡ್ರೈವರ್ ಉಮರ್ ಕೈಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಳಿಸುತ್ತಿದ್ದೇನೆ. ನಿನಗೆ ಎದೆಯುರಿ ಎಂದು ಖಾರ ಕಡಿಮೆ ಹಾಕಿದ್ದೇನೆ. ಮಗು ಆರಾಮ. ದಿನಾ ಸಂಜೆ ಬಾಗಿಲು ನೋಡಿ “ಪಪ್ಪಾ ಲೇಟ್?” ಎನ್ನುತ್ತಾಳೆ. ನನ್ನ ಮಗಳು ನಿವೇದಿತಾ ಈ ಎರಡು ವಾರ ನಿನ್ನ ಫೋನ್ ಎತ್ತಲಿಲ್ಲ. ಮಗುವಿನ ನಾಲ್ಕು ವರ್ಷದ ಫೋಟೊಗಳೆಲ್ಲ ಸುಟ್ಟ ಡಿಸ್ಕಿನಲ್ಲಿ ಹೋದವಲ್ಲ ಎಂಬ ಸಂಕಟ ಅವಳಿಗೆ.

ನನಗೆ ಎಂಜಿನಿಯರ್ ಅಳಿಯ ಬೇಕಿತ್ತು. ನೀನು ವರ್ಕ್‌ಶಾಪಿನ ಎಲೆಕ್ಟ್ರಿಷಿಯನ್. ಏಳು ವರ್ಷ ಅದನ್ನು ನಿನಗೆ ಮರೆಯಲು ಬಿಡಲಿಲ್ಲ. ಅಂಗಡಿಯಿಂದ ತಂದ ಅಡಾಪ್ಟರ್‌ಗಳು ಕೈಕೊಟ್ಟು ಮನೆಯ ನಾಲ್ಕು ಹಾರ್ಡ್ ಡಿಸ್ಕುಗಳು ಟಿಕ್ ಟಿಕ್ ಎಂದು ನಿಂತು ನಿಂತು ನಡೆಯುತ್ತಿದ್ದಾಗ, ನೀನು ನಾಲ್ಕಕ್ಕೂ ಸೇರಿ ಒಂದೇ ಪವರ್ ಸಪ್ಲೈ ಡಬ್ಬಿ ಕಟ್ಟಿದೆ. ಮನೆಗೆ ತರುವ ಮೊದಲು ಮೂರು ದಿನ ವರ್ಕ್‌ಶಾಪಿನಲ್ಲಿ ಬಲ್ಬು ಹಚ್ಚಿಟ್ಟು ಪರೀಕ್ಷೆ ಮಾಡಿದೆ. ಫ್ಯೂಸು, ಪುಟ್ಟ ಫ್ಯಾನು, ಪ್ರತಿ ವೈರ್‌ಗೂ ಚೀಟಿ. “ಅತ್ತೀ, ಇದು ಹನ್ನೆರಡು ವೋಲ್ಟಿಂದು. ಪಿನ್ನು ಕೂಡ್ತು ಅಂತ ಬ್ಯಾರೆದ್ದು ಹಚ್ಚಬ್ಯಾಡ್ರಿ” ಎಂದಿದ್ದೆ. ಆರು ತಿಂಗಳು ಅದು ಒಮ್ಮೆಯೂ ತಪ್ಪಲಿಲ್ಲ. ನನ್ನ ಕಣ್ಣಿಗೆ ಮಾತ್ರ ಟಿವಿ ಪಕ್ಕದ ಕಬ್ಬಿಣದ ಡಬ್ಬಿ.

ಪಕ್ಕದ ಮನೆಯ ಸ್ಟೀಫನ್ ದಂಪತಿ ಊಟಕ್ಕೆ ಬಂದ ದಿನ ಫೋಟೊದ ಡಿಸ್ಕಿನಿಂದ ಸುಟ್ಟ ವಾಸನೆ ಬಂದಾಗ, ಅವರೆದುರೇ “ಗ್ಯಾರೇಜಿನ ಬುದ್ಧಿ ಮನಿಯಾಗ ತಂದ್ರ ಹಿಂಗ ಆಗತೈತಿ” ಎಂದೆ. ನೀನು “ತಪ್ಪಾತ್ರಿ” ಎಂದು ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕಂಪನಿ ರೂಮಿಗೆ ಹೊರಟೆ. ನಿನ್ನೆ ಉಮರ್ ಹೇಳಿದ: ಕೆಲಸ ಮುಗಿದ ಮೇಲೆ ದಿನಾ ಅದನ್ನು ಬಿಚ್ಚುತ್ತೀಯಂತೆ, ಒಂದೊಂದೇ ವೈರು ಕಿತ್ತು ಮತ್ತೆ ಬೆಸೆಯುತ್ತೀಯಂತೆ, ತಪ್ಪು ಸಿಗುತ್ತಿಲ್ಲವಂತೆ. ಕೇಳಿದಾಗಿನಿಂದ ನನಗೆ ಅನ್ನ ಇಳಿಯುತ್ತಿಲ್ಲ.

ಬಂದವರೆದುರು ಆ ಮಾತು ಆಡಬಾರದಿತ್ತು. ಇಷ್ಟು ಬರೆಯಲು ಮೂರು ಹಾಳೆ ಹರಿದೆ. ಭಾನುವಾರ ಮನೆಗೆ ಬಾ.

ಬಸವಣ್ಣ ನಿನ್ನ ಕೈಗೆ ಕಸುವು ಕೊಡಲಿ.

ನಿನ್ನ ಅತ್ತೆ,
ಕಲ್ಲವ್ವ

ತಾ.ಕ.: ಉಮರ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬರೆದೇ ಬಿಡುತ್ತೇನೆ. ಇನ್ನು ಡಬ್ಬಿ ಬಿಚ್ಚಬೇಡ. ಅದರಲ್ಲಿ ತಪ್ಪಿಲ್ಲ. ಬಂದವರ ಕಣ್ಣಿಗೆ ಬೀಳಬಾರದೆಂದು ಅದನ್ನು ಟಿವಿ ಕೆಳಗಿನ ಕಪಾಟಿಗೆ ಸೇರಿಸಿ, ಊಟದ ಮೇಲೆ ಅವರಿಗೆ ಮಗುವಿನ ಫೋಟೊ ತೋರಿಸಲೆಂದು ಆ ಡಿಸ್ಕಿಗೆ ಲ್ಯಾಪ್‌ಟಾಪಿನ ಕರಿ ಅಡಾಪ್ಟರ್ ಹಚ್ಚಿದವಳು ನಾನು. ಪಿನ್ನು ಕೂಡಿತು. ವಾಸನೆ ಬಂದೊಡನೆ, ನೀವು ಊಟದ ಮೇಜಿನಿಂದ ಏಳುವ ಮೊದಲೇ, ಡಬ್ಬಿ ಹೊರಗೆ ತಂದಿಟ್ಟು ನಿನ್ನ ವೈರು ಮತ್ತೆ ಸಿಕ್ಕಿಸಿದೆ, ಆಮೇಲೆ ಕೂಗಿದೆ. ಸ್ಟೀಫನ್ ಮನೆಗೆ ನಾನೇ ಹೋಗಿ ಹೇಳುತ್ತೇನೆ. ನಿವೇದಿತಾಗೆ ಈಗಷ್ಟೇ ಹೇಳಿ ಬಂದೆ. ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ನಿನ್ನ ಫೋನ್ ಎತ್ತುತ್ತಾಳೆ, ಮಾಡು.