ಕಪ್ಪು ಗೂಬೆಯ ಎಡಗೈ

ಅಣ್ಣಾ,

ಇವತ್ತು ನನ್ನ ಟಾಕೊ ಅಂಗಡಿಯ ಟಿವಿಯಲ್ಲಿ ನಮ್ಮ ಪ್ವೆಬ್ಲಾ ಊರಿನ ಹಳೇ ಕುಸ್ತಿ ಹಾಕಿದ್ದರು. ಮುಖವಾಡದ ಪೈಲ್ವಾನ ಕಪ್ಪು ಗೂಬೆ ಮೊದಲ ಸುತ್ತು ಮೋಸದಿಂದ ಗೆದ್ದ, ಎರಡನೆಯದು ಸೋತ, ಮೂರನೆಯದರಲ್ಲಿ ಹಗ್ಗದ ಮೇಲಿಂದ ನೆಗೆದು ಬಲಭುಜದ ಮೇಲೇ ಬಿದ್ದ. ಅಂಥ ನೆಗೆತ ಈಗ ಯಾರಿಗೂ ಬರಲ್ಲ.

“ಮುಂದಿನ ಸಾಲಲ್ಲಿ ಬಾಯಿ ಮಾಡ್ತಿರೋರು ನೀವೇ ಅಲ್ವಾ, ದೋನ್ಯಾ ಎಲ್ವಿರಾ?” ಅಂತ ಒಬ್ಬ ಗಿರಾಕಿ ನಕ್ಕ.

ನಾನೇ. “ಮುಖವಾಡದೊಳಗೆ ಅವಿತ್ಕೊಂಡಿದೀಯಲ್ಲೋ, ಹೆತ್ತಮ್ಮನೂ ನಿನ್ನ ಮುಖ ನೋಡಲ್ವೇನೋ” ಅಂತ ಕೂಗಿದ್ದೆ.

ಆ ಕುಸ್ತಿ ನಡೆದ ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಗೂಬೆ ಬಿದ್ದದ್ದನ್ನು ನಿನಗೇ ಅಭಿನಯಿಸಿ ತೋರಿಸಿದೆ. ನೀನು ನಗುತ್ತಾ ಎಡಗೈಯಲ್ಲಿ ಉಣ್ಣುತ್ತಿದ್ದೆ.

ಶವಪೆಟ್ಟಿಗೆ ಮುಚ್ಚುವ ಮುಂಚೆ ಅಮ್ಮ ನಿನಗೆ ಆ ಗೂಬೆಯ ಮುಖವಾಡ ತೊಡಿಸಿದಾಗಲೇ ನನಗೆ ಗೊತ್ತಾದದ್ದು.

ಗಿರಾಕಿಯ ತಟ್ಟೆಯಲ್ಲಿ ಒಂದು ಚೂರು ಈರುಳ್ಳಿ ಕಮ್ಮಿಯಾದರೂ ಕಂಡುಹಿಡಿಯುವವಳು ನಾನು. ಎಡಗೈಯಲ್ಲಿ ಯಾಕೆ ಉಣ್ತಿದೀಯ ಅಂತ ಕೇಳಲಿಲ್ಲ.