ಮಾತು ಬಾರದ ಹನ್ನೆರಡು ಕಂಪ್ಯೂಟರುಗಳು

ಮಾನ್ಯ ಖರೀದಿ ಅಧಿಕಾರಿಗಳೇ,

ಅಂಧರ ವಾಚನಾಲಯಕ್ಕೆ ತಾವು ಮೂಕ ಕಂಪ್ಯೂಟರುಗಳನ್ನು ದಯಪಾಲಿಸಿದ್ದೀರಿ. ಒಂದಲ್ಲ, ಎರಡಲ್ಲ, ಹನ್ನೆರಡು! ಹತ್ತು ಜನರ ಸಮಕ್ಷಮದಲ್ಲಿ ಕೇಳುತ್ತಿದ್ದೇನೆ: ಕೊಳ್ಳುವ ಮುನ್ನ ಒಂದರ ದನಿಯನ್ನಾದರೂ ಕೇಳಿದಿರಾ?

ಆ ಕೋಣೆಯ ಕಂಪ್ಯೂಟರುಗಳಲ್ಲಿ ಆರು ವರ್ಷಗಳಿಂದ ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ ನಡೆಯುತ್ತಿದೆ. ಪರದೆಯ ಮೇಲಿನ ಅಕ್ಷರಗಳನ್ನು ಅದರಲ್ಲಿರುವ ತಂತ್ರಾಂಶ ಗಟ್ಟಿಯಾಗಿ ಓದಿ ಹೇಳುತ್ತದೆ. ಅಲ್ಲಿನವರಿಗೆ ಅದೇ ಕಣ್ಣು. ನನ್ನ ಅಕ್ಕ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್, ಹುಟ್ಟಿನಿಂದ ದೃಷ್ಟಿಯಿಲ್ಲ. ಮೇಲ್ವಿಚಾರಕಿ ಹುದ್ದೆಯ ಪರೀಕ್ಷೆ ಇದೇ ಇಪ್ಪತ್ತರಂದು, ಅದೇ ಕೋಣೆಯಲ್ಲಿ, ತಾವು ಕೊಟ್ಟ ಈ ಹೊಸ ಯಂತ್ರಗಳ ಮೇಲೆ. ವಯೋಮಿತಿಯ ಪ್ರಕಾರ ಆಕೆಗಿದು ಕೊನೆಯ ಅವಕಾಶ.

ಹೊಸ ಯಂತ್ರದ ಮುಂದೆ ಕುಳಿತ ದಿನ ಕೇಳಿದಳು, “ಕರೆಂಟ್ ಹೋಯ್ತೇನೋ?”

“ಇಲ್ಲ ಅಕ್ಕ, ಆನ್ ಆಗಿದೆ.”

“ಮತ್ಯಾಕೆ ಬಾಯಿ ಬಿಡ್ತಿಲ್ಲ? ಹೊಸ ಸೊಸೆಯೇನೋ ಇದು, ನಾಚ್ಕೊಳ್ಳೋಕೆ?”

ರಿಪೇರಿಯವನು ಬಂದು ನೋಡಿದ. “ಈ ಸೌಂಡ್ ಚಿಪ್‌ನ ನಡೆಸೋ ಡ್ರೈವರ್ ತಂತ್ರಾಂಶ ಲಿನಕ್ಸ್‌ಗೆ ಇನ್ನೂ ಬಂದಿಲ್ಲ ಸಾರ್. ತಗೊಳ್ಳೋ ಮುಂಚೆ ಪೆನ್‌ಡ್ರೈವಲ್ಲಿ ಲಿನಕ್ಸ್ ಹಾಕಿ ಒಂದ್ಸಲ ಆನ್ ಮಾಡಿದ್ರೆ ಅಂಗಡೀಲೇ ಗೊತ್ತಾಗ್ತಿತ್ತು.”

ಕಾಲು ಗಂಟೆಯ ಕೆಲಸ! ತಮ್ಮ ಐವರು ಪಂಡಿತರ ಸಮಿತಿ ಮಾಡಿದ್ದೇನು? ಅಂಗಡಿಯವನು ಲಿನಕ್ಸ್ ಅಲ್ಲದ ತನ್ನದೇ ವ್ಯವಸ್ಥೆಯಲ್ಲಿ ತೋರಿಸಿದ ಜಲಪಾತದ ಚಿತ್ರಕ್ಕೆ ತಲೆದೂಗಿ, ‘ಪರದೆಯ ಸ್ಪಷ್ಟತೆ ಅತ್ಯುತ್ತಮ’ ಎಂದು ಷರಾ ಬರೆದು ಸಹಿ ಹಾಕಿತು. ದೂರು ತಂದಾಗ ತಾವೂ ಅದನ್ನೇ ಅಂದಿರಿ: “ಅಷ್ಟು ಚೆನ್ನಾಗಿ ಕಾಣ್ತಿದೆಯಲ್ರೀ, ಇನ್ನೇನ್ ಬೇಕು?” ಯಾರಿಗೆ ಕಾಣುತ್ತಿದೆ, ಮಹಾಪ್ರಭು?

ಯುಎಸ್‌ಬಿ ಹೆಡ್‌ಫೋನ್ ಸಿಕ್ಕಿಸಿದರೆ ದನಿ ಬರುತ್ತದೆ. ನಾನೇ ಒಂದು ತಂದೆ. ಪರೀಕ್ಷೆಯಲ್ಲಿ ಹೊರಗಿನ ಸಾಧನ ನಿಷಿದ್ಧ ಎಂದಿರಿ. ನೀವೇ ಕೊಡಿ ಎಂದರೆ ಹೊಸ ಕಡತ, ಮೂರು ತಿಂಗಳು ಎಂದಿರಿ. ಚೆನ್ನಾಗಿ ಮಾತಾಡುತ್ತಿದ್ದ ಹಳೆಯ ಯಂತ್ರಗಳೋ, ನಿಮ್ಮ ಉಗ್ರಾಣದಲ್ಲಿ ಬೀಗದೊಳಗಿವೆ.

ಈಗ ದಿನವೂ ನಾನು ಪರದೆ ಓದುತ್ತೇನೆ, ಅಕ್ಕ ಅಭ್ಯಾಸ ಮಾಡುತ್ತಾಳೆ. ನಿನ್ನೆ ನನ್ನನ್ನು ತಡೆದಳು. “ಸಾಕು ಕಣೋ. ಅವತ್ತು ನೀನು ಬಾಗಿಲಾಚೆ ಇರ್ತೀಯ. ಸುಮ್ಮನೆ ಕೂತ್ಕೋ, ನೀನಿಲ್ದೇ ರೂಢಿ ಮಾಡ್ಕೋತೀನಿ.” ಒಂದು ಗಂಟೆ ಟೈಪ್ ಮಾಡಿದಳು. ಆರಂಭದಲ್ಲೇ ಬೆರಳುಗಳು ಒಂದು ಕೀಲಿ ಪಕ್ಕಕ್ಕೆ ಸರಿದಿದ್ದವು. ಪುಟದ ತುಂಬ ಅರ್ಥವಿಲ್ಲದ ಅಕ್ಷರಗಳು. “ಹೇಗಿದೆಯೋ?” ಎಂದಳು. “ಚೆನ್ನಾಗಿದೆ ಅಕ್ಕ” ಎಂದೆ.

ಇಪ್ಪತ್ತರೊಳಗೆ ಉಗ್ರಾಣದ ಬೀಗ ತೆಗೆಸಿ, ಹಳೆಯ ಯಂತ್ರಗಳನ್ನು ಮರಳಿಸಿ. ಮುಂದೆಂದಾದರೂ ಕೊಳ್ಳುವಾಗ ಮಾದರಿ ಯಂತ್ರವನ್ನು ಲಿನಕ್ಸ್‌ನಲ್ಲೇ ಚಾಲೂ ಮಾಡಿಸಿ, ಆ ಕೋಣೆಯವರೊಬ್ಬರು ಕಿವಿಯಾರೆ ಕೇಳಿ ಹೂಂ ಅಂದ ಮೇಲೆ ಸಹಿ ಹಾಕಿ.

ಈ ಪತ್ರವನ್ನೂ ಅಕ್ಕನಿಗೆ ನಾನೇ ಓದಿ ಹೇಳಬೇಕು. ನಿನ್ನೆಯ ಸಂಗತಿ ಬಂದಾಗ ಹಾರಿಸಿಬಿಡುತ್ತೇನೆ.

ಇಂತಿ,
ಸುಳ್ಳು ಓದುವುದನ್ನು ಕಲಿತ ತಮ್ಮ